ಅಳೆಯದೆ ಹಾಕಿದ ಸಹಿ

ಶಾಂತಮಲ್ಲಪ್ಪನವರಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಅವರ ಅಂದಾಜು ಮಾತ್ರ ಪೂರಾ ತಪ್ಪಿತ್ತು. ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಐದು ವರ್ಷ ಅವರ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಮಾಡಿದ ಗುಮಾಸ್ತೆ ನಾನು, ಗುರುಸಿದ್ದಮ್ಮ. ಆ ಮನುಷ್ಯ ಶಾಂತವಾಗಿದ್ದದ್ದನ್ನು ನಾನು ಕಂಡದ್ದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಮಾತ್ರ. ಅದೂ ಸಾರಿಗೆ ಉಪ್ಪು ಸರಿಯಿದ್ದರೆ. ಯಾವ ಇಲಾಖೆ ಎಂದು ನಾನು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವು ತಾವು ಗಂಗೆಯಲ್ಲಿ ಮಿಂದು ಬಂದವು ಅಂದುಕೊಳ್ಳುತ್ತವೆ. ರಸ್ತೆ, ಮೋರಿ, ಸಣ್ಣಪುಟ್ಟ ಸೇತುವೆ ಕಟ್ಟಿಸುವ ಕಚೇರಿ ಅಂದರೆ ಸಾಕು.

ಅವರು ಹರವೆಯವರು. ಹೊಲಮನೆ ಇದ್ದ ಲಿಂಗಾಯತರ ಮನೆಯ ಎರಡನೆಯ ಮಗ. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಮಿಲಿಟರಿ ಸೇರಿದಾಗ, ಮಗ ಬಂದೂಕು ಹಿಡಿಯುತ್ತಾನಲ್ಲ ಎಂದು ಅವರವ್ವ ಮೂರು ದಿನ ಅತ್ತರಂತೆ. ಅಲ್ಲಿ ಅವರ ಕೈಗೆ ಬಂದದ್ದು ಹಳಿಯ ಬೋಲ್ಟು ಬಿಗಿಯುವ ಸ್ಪ್ಯಾನರು. ಸೇನೆಯಲ್ಲಿ ರೈಲು ಹಳಿ ಹಾಕುವ, ರೈಲು ಸೇತುವೆ ರಿಪೇರಿ ಮಾಡುವ ಇಂಜಿನಿಯರ್ ತುಕಡಿಯಲ್ಲಿ ಇಪ್ಪತ್ತೊಂದು ವರ್ಷ ದುಡಿದರು. ಅಸ್ಸಾಮಿನ ಹೊಳೆಗಳಲ್ಲಿ ಮುರಿದು ಬಿದ್ದ ಸೇತುವೆಗಳನ್ನು ಎಬ್ಬಿಸಿ ನಿಲ್ಲಿಸಿದರು, ರಾಜಸ್ಥಾನದ ಮರಳಿನಲ್ಲಿ ಹಳಿ ಎಳೆದರು, ಸುಬೇದಾರರಾಗಿ ಮನೆಗೆ ಬಂದರು. ಮಾಜಿ ಸೈನಿಕರ ಮೀಸಲಾತಿಯಲ್ಲಿ ಜೂನಿಯರ್ ಇಂಜಿನಿಯರ್ ಕೆಲಸ ಸಿಕ್ಕಿ, ಎರಡು ಸಾವಿರದ ಇಸವಿಯಲ್ಲಿ ನಮ್ಮ ಕಚೇರಿಗೆ ಬಂದಾಗ ಅವರಿಗೆ ನಲವತ್ಮೂರು ವರ್ಷ.

ಗುಂಡ್ಲುಪೇಟೆಗೆ ರೈಲಿಲ್ಲ. ಅದು ಚಾಮರಾಜನಗರಕ್ಕೆ ಬಂದು ಸುಸ್ತಾಗಿ ನಿಂತುಬಿಡುತ್ತದೆ. ಹಾಗಾಗಿ ಬಂದ ಮೊದಲ ವಾರವೇ ನಮ್ಮವರು ಅವರಿಗೆ 'ರೈಲು ಸುಬೇದಾರ' ಎಂದು ಹೆಸರಿಟ್ಟರು. ಅವರು ಹತ್ತು ಗಂಟೆಗೆ ಹತ್ತಕ್ಕೇ ಬರುತ್ತಿದ್ದರು. ಅದೇ ಒಂದು ಅಪರಾಧ. ಬೇರೆಯವರ ಕುರ್ಚಿ ಖಾಲಿ ಇರುವುದು ಅದರಿಂದ ಎದ್ದು ಕಾಣುತ್ತದಲ್ಲ.

ಟೀ ಕುಡಿಯುವಾಗ ರೈಲಿನ ಕಾನೂನು ಹೇಳುತ್ತಿದ್ದರು. ಹಳಿ ಕೆಟ್ಟದ್ದನ್ನು ಮೊದಲು ಯಾರು ಕಾಣುತ್ತಾನೋ ಅವನು ಕೆಂಪು ಬಾವುಟ ನೆಟ್ಟು ಅಲ್ಲೇ ನಿಲ್ಲಬೇಕು. ಲೈನು ಸರಿಯಿದೆ ಎಂದು ಇನ್ನೊಬ್ಬ ಬರೆದು, ಹೆಸರು ಹಾಕಿ, ಗಂಟೆ ನಮೂದಿಸಿ ಕೊಡುವವರೆಗೆ ಅವನು ಜಾಗ ಬಿಡುವ ಹಾಗಿಲ್ಲ. ಬಂದವನು ಎಷ್ಟು ದೊಡ್ಡವನಾದರೂ ಬಾಯಿಮಾತು ನಡೆಯುವುದಿಲ್ಲ. ಇನ್ನೊಂದು, ಒಬ್ಬ ಕೆಲಸ ಬಿಟ್ಟು ಹೋಗುವಾಗ ಬರೆದಿಟ್ಟ ಅಳತೆಯನ್ನು ಮುಂದೆ ಬಂದವನು ಹಾಗೇ ನಂಬಿ ವಹಿಸಿಕೊಳ್ಳುತ್ತಾನೆ. ಅಲ್ಲಿ ಸುಳ್ಳು ಬರೆಯುವವರಿಲ್ಲ, ಯಾಕೆಂದರೆ ಆ ಸೇತುವೆಯ ಮೇಲೆ ಮೊದಲು ಹಾದುಹೋಗುವ ಗಾಡಿಯಲ್ಲಿ ಅವರವರೇ ಕೂತಿರುತ್ತಾರೆ. ನಾವು ಹೂಂಗುಟ್ಟುತ್ತಿದ್ದೆವು. ಈ ಎರಡನೆಯ ನಂಬಿಕೆಯೇ ಅವರ ಕುತ್ತಿಗೆಗೆ ಬಂತು. ಹಗ್ಗ ತಂದುಕೊಟ್ಟವಳು ನಾನು.

2001ರ ಬೇಸಿಗೆ. ಹುಣಸೆಹಳ್ಳಕ್ಕೆ ಸೇತುವೆ ಆಗುತ್ತಿತ್ತು. ಹಳ್ಳದಾಚೆ ಮೂರು ಊರು. ಅವರ ಟೊಮೆಟೊ, ಬೀನ್ಸು ಕೇರಳದ ಲಾರಿಗಳಿಗೆ ಸೇರಬೇಕಾದರೆ ಹದಿನಾಲ್ಕು ಕಿಲೋಮೀಟರ್ ಸುತ್ತಬೇಕಿತ್ತು. ಶಾಂತಮಲ್ಲಪ್ಪನವರು ಆ ಕೆಲಸ ವಹಿಸಿಕೊಂಡಾಗ ನಡುಗಂಬ ಆಗಲೇ ಆಳೆತ್ತರ ಎದ್ದಿತ್ತು. ಪಾಯ ಮಣ್ಣಿನೊಳಗೆ ಮುಚ್ಚಿಹೋಗಿತ್ತು. ನಾನು ಅಳತೆ ಪುಸ್ತಕ ತಂದು ಅವರ ಮುಂದಿಟ್ಟೆ. ಅದರಲ್ಲಿ ಪಾಯದ ಆಳ ಮೂರು ಮೀಟರ್ ಎಂದು ಪೆನ್ಸಿಲಿನಲ್ಲಿ ಬರೆದಿತ್ತು.

"ಇದು ಯಾರು ಅಳ್ದಿದ್ದು?" ಅಂದರು.

"ಹಿಂದಿನ ಜೆ.ಇ. ಸಾರ್. ವರ್ಗ ಆಗಿ ಹೋದ್ರಲ್ಲ, ಅವ್ರು."

"ಪೆನ್ಸಿಲಲ್ಲಿ ಅದಲ್ಲ?"

"ಅವಸರದಲ್ಲಿ ಹೋದ್ರು. ನೀವು ಮೇಲೆ ಇಂಕಲ್ಲಿ ಬರ್ದು ಸಹಿ ಹಾಕ್ಬುಡಿ. ಎಲ್ಲಾರೂ ಹಂಗೇ ಮಾಡೋದು."

"ಅವ್ರು ಕಣ್ಣಾರೆ ಕಂಡೇ ಬರ್ದಿರ್ತಾರೆ ತಾನೆ?"

"ಮತ್ತೆ, ಸಾರ್" ಅಂದೆ.

ಅವರು ಕಂಡಿದ್ದರೋ ಇಲ್ಲವೋ ನನಗೇನು ಗೊತ್ತು. ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕಿದ ನೌಕರಿ ನನ್ನದು. ಫೈಲು ಬೇಗ ಮುಗಿದರೆ ಸಾಹೇಬರು ಬೈಯುವುದಿಲ್ಲ ಎಂಬುದಷ್ಟೇ ನನ್ನ ವಿದ್ಯೆ. ಶಾಂತಮಲ್ಲಪ್ಪನವರು ಒಂದು ಗಳಿಗೆ ಪೆನ್ನು ಹಿಡಿದು ಕೂತರು. ಆಮೇಲೆ ಸಹಿ ಹಾಕಿದರು. ಸರ್ಕಾರಿ ನೌಕರಿಯಲ್ಲಿ ಅಳೆಯದೆ ಅವರು ಹಾಕಿದ ಸಹಿ ಅದೊಂದೇ.

ಮುಂದಿನ ಮೂರು ವರ್ಷ ಸರಿಯಾಗಿ ಮಳೆಯೇ ಆಗಲಿಲ್ಲ. ಆದರೂ ಪ್ರತಿ ಅಕ್ಟೋಬರಿನಲ್ಲಿ ಕಬ್ಬಿಣದ ಗುಂಡು ಕಟ್ಟಿದ ಹಗ್ಗ ಹಿಡಿದು ತಮ್ಮ ಸೇತುವೆಗಳನ್ನೆಲ್ಲ ನೋಡಿಕೊಂಡು ಬರುತ್ತಿದ್ದರು. ಕಂಬದ ಬುಡದಲ್ಲಿ ಗುಂಡು ಇಳಿಬಿಟ್ಟು, ನೀರು ಎಷ್ಟು ಮಣ್ಣು ಕೊರೆದಿದೆ ಎಂದು ನೋಡುವುದು ರೈಲಿನವರ ಪದ್ಧತಿ. ಒಣಗಿದ ಹಳ್ಳಕ್ಕೆ ಗುಂಡು ಬಿಡುವವರನ್ನು ನೋಡಿ ಊರವರು ನಕ್ಕರು. ನಾನೂ ನಕ್ಕಿದ್ದೇನೆ.

2005ರಲ್ಲಿ ಹಿಂಗಾರು ಮಳೆ ಹಿಡಿಯಿತು ನೋಡಿ, ಹುಣಸೆಹಳ್ಳ ಎರಡು ವಾರ ದಡ ಮೀರಿ ಹರಿಯಿತು. ನೀರಿಳಿದ ದಿನ ಅವರು ಪ್ಯಾಂಟು ಮಡಚಿಕೊಂಡು ನಡುಗಂಬದ ಹತ್ತಿರ ಇಳಿದರು. ಪಾಯದ ತಳ ಹೊರಗೆ ಬಂದಿತ್ತು. ಮೂರು ಮೀಟರ್ ಕೆಳಗೆ, ಬಂಡೆಯ ಮೇಲೆ ಕೂತಿರಬೇಕಾದ ಪಾಯ ಆಳುದ್ದವೂ ಇಲ್ಲದೆ ಬರೀ ಗರಸಿನ ಮೇಲೆ ಕೂತಿತ್ತು. ಅದರ ಅಡಿಗೆ ಕೈ ಹಾಕಿದರೆ ಮೊಣಕೈವರೆಗೆ ಹೋಯಿತಂತೆ. ಕಚೇರಿಗೆ ಬಂದಾಗ ಅವರ ಬಲತೋಳಿಗೆ ಇನ್ನೂ ಕೆಸರು ಅಂಟಿಕೊಂಡಿತ್ತು. ತೊಳೆದುಕೊಳ್ಳದೆ ನೇರ ಸಾಹೇಬರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸಿತು.

ನಮ್ಮ ಸಾಹೇಬರು ಕೆಟ್ಟವರಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. "ಸುತ್ತ ಕಲ್ಲು ತುಂಬಿಸಿ ಮೇಲೆ ಕಾಂಕ್ರೀಟ್ ಹಾಕಿಸ್ಬುಡಿ. ರಿಪೋರ್ಟು ಗಿಪೋರ್ಟು ಬೇಡ. ರಿಪೋರ್ಟ್ ಬರೆದ್ರೆ ಮೊದ್ಲು ನೋಡೋದು ಪಾಯಕ್ಕೆ ಸಹಿ ಹಾಕಿದ್ಯಾರು ಅಂತ. ಯಾರು ಹಾಕಿರೋದು?"

"ನಾನು."

"ಅದಕ್ಕೇ ಹೇಳಿದ್ದು, ಮನೆಗೆ ಹೋಗಿ ತೋಳು ತೊಳ್ಕೊಳಿ."

ಮಧ್ಯಾಹ್ನದ ಹೊತ್ತಿಗೆ ಸೇತುವೆ ಕಟ್ಟಿದ ಕಂಟ್ರಾಕ್ಟರ್ ಮಾದೇಶ್ ಹಾಜರಾದ. ಯಾರೂ ಅವನನ್ನು ಕರೆಸಿರಲಿಲ್ಲ, ಯಾರೂ ಅವನ ಹೆಸರು ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಶಾಂತಮಲ್ಲಪ್ಪನವರ ಎದುರು ಕುರ್ಚಿ ಎಳೆದುಕೊಂಡು ಕೂತು, "ಸಾರ್, ಮೂರು ಮೀಟ್ರು ಅಂತ ಬರ್ದು ಸಹಿ ಹಾಕಿರೋರು ನೀವು. ನಾನಲ್ಲ. ನಂಗೇನು ಆಗಲ್ಲ. ನಿಮ್ ನೌಕರಿ ಓಯ್ತದೆ, ಅದ ಯೋಚ್ನೆ ಮಾಡಿ" ಅಂದ. ಅವನು ಹೇಳಿದ್ದು ನಿಜ. ಅದಕ್ಕೇ ನನಗೆ ಅವನ ಮೇಲೆ ಅಷ್ಟು ಸಿಟ್ಟು ಬಂದದ್ದು.

ಮಾರನೆ ದಿನ ಬೆಳಿಗ್ಗೆ ಮೊದಲ ಬಸ್ಸು ಬರುವ ಮುಂಚೆ ಶಾಂತಮಲ್ಲಪ್ಪನವರು ಹುಣಸೆಹಳ್ಳದ ಸೇತುವೆ ಮುಚ್ಚಿದರು. ಎರಡೂ ಕಡೆ ಟಾರಿನ ಡ್ರಮ್ಮು, ಅಡ್ಡಕ್ಕೊಂದು ಬಿದಿರು ಗಳ, ಗಳಕ್ಕೆ ಕೆಂಪು ಬಟ್ಟೆ. ಬಟ್ಟೆ ಅವರ ಹೆಂಡತಿ ಪುಟ್ಟಬಸಮ್ಮನವರ ಸೀರೆಯದು. ಹರಿದುಕೊಟ್ಟವರೂ ಅವರೇ. "ನೌಕ್ರಿ ಓದ್ರೆ ಓಗ್ಲಿ, ನಮ್ಮಣ್ಣನ ಮನೆಯೋರೂ ಆ ಸೇತ್ವೆ ಮ್ಯಾಲೇ ಓಡಾಡದು" ಅಂದರಂತೆ. ಆ ಅಣ್ಣ ಪುಟ್ಟಮಲ್ಲಪ್ಪ ಹಳ್ಳದಾಚೆಯ ಊರಿನವನು. ಸೇತುವೆ ಮುಚ್ಚಿದ್ದಕ್ಕೆ ಮೊದಲು ಜಗಳಕ್ಕೆ ನಿಂತವನೂ ಅವನೇ, ಟ್ರ್ಯಾಕ್ಟರಿನ ತುಂಬ ಟೊಮೆಟೊ ಹೇರಿಕೊಂಡು.

"ಏನ್ ಭಾವ ಇದು? ನಮ್ಮೂರ್ ದಾರಿನೇ ಮುಚ್ಬುಟ್ಟಿದ್ದಯಲ್ಲ. ಅಣ್ಣು ಕೊಳ್ತೋಯ್ತದ. ತಗಿ ಆ ಗಳವ."

"ನಡ್ಕೊಂಡೋಗೋರು ಓಗಿ. ಗಾಡಿ ಬುಡಲ್ಲ" ಅಂದರು ಇವರು. ಜೇಬಿನಿಂದ ಒಂದು ನೋಟ್‌ಬುಕ್ಕು ತೆಗೆದು ಪೆನ್ನಿನ ಜೊತೆ ಮುಂದೆ ಹಿಡಿದರು. "ಸೇತುವೆ ಗಟ್ಟಿ ಅದೆ, ನಾನು ನೋಡಿದೀನಿ ಅಂತ ಇದ್ರಲ್ಲಿ ಬರೀ. ಹೆಸ್ರು ಹಾಕು, ಟೈಮ್ ಹಾಕು. ಈಗ್ಲೇ ಗಳ ತೆಗ್ದು ಮನೆಗೆ ಓಯ್ತೀನಿ."

"ನಾ ಬರ್ದ್ಬುಟ್ರೆ ಸೇತ್ವೆ ಗಟ್ಟಿಯಾಗ್ಬುಡ್ತದ?"

"ನಾನು ಬರ್ದಾಗ್ಲೂ ಆಗ್ಲಿಲ್ಲ ಕಣ್ ಭಾವ. ಅದಕ್ಕೇ ನಿಂತಿರೋದು."

ಆ ಮಾತು ಅಲ್ಲಿದ್ದ ಹತ್ತಿಪ್ಪತ್ತು ಜನರಿಗೂ ಕೇಳಿಸಿತು. ಜನರ ಮುಂದೆ ತಪ್ಪೊಪ್ಪಿಕೊಂಡ ಸರ್ಕಾರಿ ನೌಕರನನ್ನು ಅವರು ಅದೇ ಮೊದಲು ನೋಡಿದ್ದು. ಪುಟ್ಟಮಲ್ಲಪ್ಪ ಪೆನ್ನು ಹಿಡಿದು ಒಂದೆರಡು ಸಲ ತಿರುಗಿಸಿ ನೋಡಿ ವಾಪಸ್ಸು ಕೊಟ್ಟ. ಬೈಯುವುದನ್ನೇನೂ ನಿಲ್ಲಿಸಲಿಲ್ಲ. ಬೈಯುತ್ತಲೇ ಟ್ರ್ಯಾಕ್ಟರು ತಿರುಗಿಸಿಕೊಂಡು ಸುತ್ತುದಾರಿ ಹಿಡಿದ. ಕೇರಳದ ಲಾರಿಯ ಡ್ರೈವರ್ ಒಬ್ಬ ಮಾತ್ರ ಇಳಿದು, ಹಳ್ಳಕ್ಕೆ ಹೋಗಿ, ಬಗ್ಗಿ ಪಾಯದ ಅಡಿ ನೋಡಿದ. ಮೇಲೆ ಬಂದು "ವೇಂಡ ಸಾರೆ, ವೇಂಡ" ಎಂದು ಕೈಮುಗಿದು ಲಾರಿ ಹಿಂದಕ್ಕೆ ತೆಗೆದ. ಊರಿನವರು ಯಾರೂ ಅಲ್ಲಿಯವರೆಗೆ ಕೆಳಗಿಳಿದು ನೋಡಿರಲಿಲ್ಲ. ಅವನು ಹೋದ ಮೇಲೆ ಒಬ್ಬೊಬ್ಬರಾಗಿ ಇಳಿದರು.

ಮೂರನೆಯ ದಿನ ಮಾದೇಶ್ ಬಂದ. ನೋಟ್‌ಬುಕ್ಕು ಮುಂದೆ ಬಂತು. ಫೋನ್ ಬಂದವನ ಹಾಗೆ ಮೊಬೈಲ್ ಕಿವಿಗಿಟ್ಟುಕೊಂಡು ಹೊರಟುಹೋದ. ಸಂಜೆ ಸಾಹೇಬರು ಜೀಪಿನಲ್ಲಿ ಬಂದು, ಮೇಲಿನವರ ಅಪ್ಪಣೆ ಇಲ್ಲದೆ ರಸ್ತೆ ಮುಚ್ಚುವುದು ಅಶಿಸ್ತು ಎಂದರು. "ಹೌದು ಸಾರ್, ಅಶಿಸ್ತೇ. ಗಟ್ಟಿ ಅದೆ ಅಂತ ಬರ್ದು ಕೊಡಿ, ನಾಳೆನೇ ಶಿಸ್ತಿಗೆ ಬರ್ತೀನಿ" ಅಂದರು ಇವರು. ಸಾಹೇಬರು ಒಮ್ಮೆ ಪೆನ್ನು ನೋಡಿ, ಒಮ್ಮೆ ಕಂಬ ನೋಡಿ, ಜೀಪು ಹತ್ತಿದರು.

ನಾಲ್ಕನೆಯ ದಿನ ಸಾಹೇಬರು ನನ್ನ ಕೈಲಿ ಮೆಮೊ ಕಳಿಸಿದರು. ಕೂಡಲೇ ಕಚೇರಿಗೆ ಹಾಜರಾಗಬೇಕು, ತಪ್ಪಿದರೆ ಶಿಸ್ತುಕ್ರಮ. ಟೈಪು ಮಾಡಿದವಳು ನಾನೇ. ಆಟೊ ಮಾಡಿಕೊಂಡು ಹುಣಸೆಹಳ್ಳಕ್ಕೆ ಹೋದೆ. ಅವರು ಡ್ರಮ್ಮಿನ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದರು. ಗಡ್ಡ ಬಂದಿತ್ತು. ಕೈ ತೊಳೆದು, ಮೆಮೊ ಓದಿ, ತಲುಪಿದೆ, ಹನ್ನೊಂದು ಇಪ್ಪತ್ತು ಎಂದು ಬರೆದು ಸಹಿ ಮಾಡಿದರು. ಆಮೇಲೆ ತಮ್ಮದೊಂದು ಪತ್ರ ನನ್ನ ಕೈಗಿಟ್ಟರು. ಒಂದೇ ಪುಟ. ಹುಣಸೆಹಳ್ಳ ಸೇತುವೆಯ ಪಾಯವನ್ನು ನಾನು ಕಾಣದೆ, ಅಳೆಯದೆ, ಮೂರು ಮೀಟರ್ ಎಂದು ಸಹಿ ಮಾಡಿದ್ದೇನೆ. ಅದು ಸುಳ್ಳು. ಅಗೆಸಿ ಅಳೆಸಬೇಕು.

"ಸಾರ್, ಇದ ಕೊಟ್ರೆ ನಿಮ್ ಕತೆ ಮುಗೀತು" ಅಂದೆ.

"ಕೊಡದಿದ್ರೆ ಯಾರಾರ ಕತೆ ಮುಗೀತದೆ ಹೇಳಿ ಗುರುಸಿದ್ದಮ್ಮೋರೆ. ಬೆಳಿಗ್ಗೆ ಬಸ್ಸಲ್ಲಿ ಎಷ್ಟು ಮಕ್ಳು ಬತ್ತವೆ ಗೊತ್ತಾ? ನಾನು ಎಣಿಸಿವ್ನಿ. ನಲವತ್ತೊಂದು."

ಪೆನ್ಸಿಲಿನ ಮಾತು ಆ ಪತ್ರದಲ್ಲಿ ಇರಲಿಲ್ಲ. ನನ್ನ ಹೆಸರೂ ಇರಲಿಲ್ಲ. ದಾರಿಯುದ್ದಕ್ಕೂ ಆಟೊದಲ್ಲಿ ಆ ಪುಟವನ್ನು ನಾಲ್ಕು ಸಲ ಓದಿದೆ. ನನ್ನನ್ನು ಬಿಟ್ಟುಕೊಟ್ಟಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು.

ಕಚೇರಿಯಲ್ಲಿ ಸಾಹೇಬರು ಪತ್ರ ಓದಿ ಮೆಲ್ಲಗೆ, "ಇದನ್ನ ಇನ್‌ವರ್ಡ್ ಮಾಡ್ಬೇಡಿ. ನನ್ ಟೇಬಲ್ ಮೇಲಿರ್ಲಿ. ಎರಡು ದಿನ ಹೋಗ್ಲಿ, ಅವರಿಗೂ ತಲೆ ತಣ್ಣಗಾಗುತ್ತೆ" ಅಂದರು. ಒಂದು ಕಾಗದ ಇನ್‌ವರ್ಡ್ ರಿಜಿಸ್ಟರಿಗೆ ಏರಿ ನಂಬರು ಬಿದ್ದರೆ ಮತ್ತೆ ಅದನ್ನು ಇಲ್ಲವೆನ್ನಲು ಬರುವುದಿಲ್ಲ. ಏರದಿದ್ದರೆ ಅದು ವಡೆ ಕಟ್ಟುವ ಕಾಗದ. ಅನುಕಂಪದ ನೌಕರಿಯವಳು ಸಾಹೇಬರಿಗೆ ಎದುರಾಡಬಾರದು ಎಂಬುದು ಎಲ್ಲಿಯೂ ಬರೆಯದ ಕಾನೂನು. ಆರು ವರ್ಷ ಅದನ್ನು ಪಾಲಿಸಿದ್ದೆ. ಅವತ್ತು ಯಾಕೋ ಮೈಯೆಲ್ಲ ಉರಿಯುತ್ತಿತ್ತು. ಅವರ ಕೈಯಿಂದ ಪತ್ರ ಇಸಿದುಕೊಂಡು, ಅವರ ಎದುರೇ ಸೀಲು ಒತ್ತಿ, ರಿಜಿಸ್ಟರಿನಲ್ಲಿ ನಂಬರು ಹಾಕಿದೆ.

"ಏನಮ್ಮ ಇದು?" ಅಂದರು.

"ಟಪಾಲು ಸಾರ್. ಬಂದದ್ದನ್ನ ಬರ್ಕೊಳೋದು ನನ್ ಕೆಲ್ಸ."

ಒಂಬತ್ತನೆಯ ದಿನ ಚಾಮರಾಜನಗರದಿಂದ ತಂಡ ಬಂತು. ಅಗೆದರು, ಅಳೆದರು. ಪಾಯದ ಆಳ ಒಂದು ಮೀಟರ್ ಹತ್ತು ಸೆಂಟಿಮೀಟರ್. ಬಂದ ಅಧಿಕಾರಿಯ ಮುಂದೆ ಶಾಂತಮಲ್ಲಪ್ಪನವರು ಅದೇ ನೋಟ್‌ಬುಕ್ಕು ಹಿಡಿದರು. ಸೇತುವೆ ಮುಚ್ಚಲಾಗಿದೆ, ಇನ್ನು ಮುಂದಿನ ಹೊಣೆ ನಮ್ಮದು ಎಂದು ಅವರು ಬರೆದು, ಹೆಸರು, ಗಂಟೆ ಹಾಕಿಕೊಟ್ಟರು. ಅದನ್ನು ಎರಡು ಸಲ ಓದಿದ ಮೇಲೆಯೇ ಇವರು ಮನೆಗೆ ಹೋಗಿ ಮಲಗಿದ್ದು.

ಗೆದ್ದರಲ್ಲ ಎಂದು ನೀವು ಅಂದುಕೊಳ್ಳಬಹುದು. ಸರ್ಕಾರ ಅಷ್ಟು ಸುಲಭವಾಗಿ ಯಾರನ್ನೂ ಗೆಲ್ಲಿಸುವುದಿಲ್ಲ. ಒಂದು ಮೀಟರ್ ಹತ್ತು ಎಂದು ಸಾಬೀತಾಯಿತು ಅಂದರೆ ಮೂರು ಮೀಟರ್ ಎಂಬ ಸಹಿ ಸುಳ್ಳು ಎಂದೂ ಸಾಬೀತಾಯಿತು. ಅವರ ಮಾತು ನಿಜವಾದಷ್ಟೂ ಅವರ ಅಪರಾಧ ಗಟ್ಟಿಯಾಯಿತು. ಅವರನ್ನು ಅಮಾನತಿನಲ್ಲಿಟ್ಟರು.

ಮರುವರ್ಷ ಚಾಮರಾಜನಗರದಲ್ಲಿ ವಿಚಾರಣೆ. ನಾನು ಸಾಕ್ಷಿ. ವಿಚಾರಣಾಧಿಕಾರಿ ವಯಸ್ಸಾದವರು, ಮಿಲಿಟರಿಯವರೆಂದರೆ ಮರ್ಯಾದೆ ಇದ್ದವರು. ಉಳಿಸಲೇಬೇಕೆಂದು ಮನಸ್ಸು ಮಾಡಿ ಬಂದಿದ್ದರು ಎಂದು ನನಗೆ ಈಗಲೂ ಅನಿಸುತ್ತದೆ. "ಆಗ ನೀವು ಕೆಲಸಕ್ಕೆ ಹೊಸಬರು. ಪದ್ಧತಿ ಗೊತ್ತಿರಲಿಲ್ಲ. ಕಚೇರಿಯ ಸಿಬ್ಬಂದಿ ಒತ್ತಾಯ ಮಾಡಿ ಸಹಿ ಹಾಕಿಸಿಕೊಂಡರು. ಹೀಗೆ ಹೇಳಿಕೆ ಕೊಟ್ಟರೆ ಎಚ್ಚರಿಕೆ ಕೊಟ್ಟು ಮುಗಿಸಬಹುದು" ಎಂದರು. ಹೇಳುತ್ತ ನನ್ನ ಕಡೆ ನೋಡಿದರು.

ಶಾಂತಮಲ್ಲಪ್ಪನವರು ಎದ್ದು ನಿಂತರು. "ಒತ್ತಾಯ ಯಾರೂ ಮಾಡಿಲ್ಲ ಸಾರ್. ಕೈ ನಂದು, ಸಹಿ ನಂದು. ಗುದ್ಲಿ ತರ್ಸಿ ಮಣ್ಣು ಬಿಡಿಸಿ ನೋಡೋಕೆ ಅರ್ಧ ದಿನ ಸಾಕಿತ್ತು. ನೋಡ್ಲಿಲ್ಲ. ಹೊಸಬ ಅಂತೀರ. ನಾನು ಇಪ್ಪತ್ತೊಂದು ವರ್ಷ ಸೇತುವೆನೇ ಕಟ್ಟಿರೋನು."

ಆಮೇಲೆ ನನ್ನ ಸರದಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದು ಸಾಹೇಬರು ಹೇಳಿ ಕಳಿಸಿದ್ದರು. ಕೇಳುವ ಮೊದಲೇ ಹೇಳಿಬಿಟ್ಟೆ. ಅಳತೆ ಪೆನ್ಸಿಲಿನಲ್ಲಿತ್ತು, ಇವರು ಅನುಮಾನಪಟ್ಟು ಕೇಳಿದರು, ಎಲ್ಲರೂ ಹೀಗೇ ಮಾಡುತ್ತಾರೆ ಎಂದವಳು ನಾನು, ಹಿಂದಿನವರು ಕಂಡೇ ಬರೆದಿದ್ದಾರೆ ಎಂದು ಸುಳ್ಳು ಹೇಳಿದವಳೂ ನಾನು. ಶಾಂತಮಲ್ಲಪ್ಪನವರು ನನ್ನ ಕಡೆ ತಿರುಗಿ ಗದರಿದರು, "ನಿಮ್ಮನ್ನ ಯಾರಮ್ಮ ಕೇಳಿದ್ದು ಅದ?" ನಾನೂ ಗದರಿದೆ, "ಯಾರೂ ಕೇಳ್ಲಿಲ್ಲ, ಅದಕ್ಕೇ ಹೇಳ್ತಿರೋದು."

2007ರಲ್ಲಿ ಆದೇಶ ಬಂತು. ಅವರಿಗೆ ಕಡ್ಡಾಯ ನಿವೃತ್ತಿ. ನನಗೆ ಬಡ್ತಿ ತಡೆದು ಚಾಮರಾಜನಗರಕ್ಕೆ ವರ್ಗ. ಮಾದೇಶನಿಗೆ ಎರಡು ವರ್ಷ ಟೆಂಡರ್ ಇಲ್ಲ. ಹೆಂಡತಿಯ ಹೆಸರಿನಲ್ಲಿ ಹಾಕಿದ, ಅದು ಬೇರೆ ಮಾತು. ಆ ಹಿಂದಿನ ಜೆ.ಇ.ಗೆ ಏನೂ ಇಲ್ಲ. ಪೆನ್ಸಿಲ್ ಬರಹದ ಕೆಳಗೆ ಸಹಿ ಇಲ್ಲದ ಕಾರಣ ಜವಾಬ್ದಾರಿ ನಿಗದಿ ಮಾಡಲು ಬರುವುದಿಲ್ಲ ಎಂದು ಆದೇಶದಲ್ಲಿ ಅಚ್ಚಾಗಿದೆ. ಸಹಿ ಹಾಕಿದವನಿಗೆ ಶಿಕ್ಷೆ, ಹಾಕದೆ ಓಡಿದವನು ಸಂಭಾವಿತ.

ಆದೇಶ ತೆಗೆದುಕೊಂಡು ಹೋಗಲು ಅವರು ಕಚೇರಿಗೆ ಬಂದಿದ್ದರು. ಹತ್ತು ಗಂಟೆಗೆ ಹತ್ತಕ್ಕೇ. ಮೇಲ್ಮನವಿ ಹಾಕಿ ಸಾರ್, ನಾನು ಟೈಪು ಮಾಡಿಕೊಡುತ್ತೇನೆ ಎಂದೆ. "ಏನಂತ ಹಾಕ್ಲಿ? ಸಹಿ ನಂದಲ್ಲ ಅಂತಾನ?" ಅಂದರು. ನಾನು ಅತ್ತದ್ದು ಕಂಡು ಮುಖ ಗಂಟಿಕ್ಕಿದರು. "ಅಳೋಂಥದ್ದೇನಾಗದೆ? ಬೇಸರ ನಂಗೂ ಅದೆ. ನೌಕ್ರಿ ಓದದ್ದಕ್ಕಲ್ಲ. ಅವತ್ತು ಅರ್ಧ ದಿನ ಅಗೆಸದೆ ಓದ್ನಲ್ಲ, ಅದಕ್ಕೆ. ಆದ್ರೆ ಆ ಒಂಬತ್ತು ದಿನ ನಿಂತಿದ್ದಕ್ಕೆ ಯಾರ ಅತ್ರನೂ ಕ್ಷಮೆ ಕೇಳಲ್ಲ." ಎಲ್ಲರ ಕೈ ಕುಲುಕಿದರು. ಸಾಹೇಬರದೂ.

ಹಳೆಯದನ್ನು ಒಡೆದು ಹೊಸ ಸೇತುವೆ ಶುರುವಾದದ್ದು 2008ರ ಮಾರ್ಚಿನಲ್ಲಿ. ಒಂದು ಭಾನುವಾರ ನಾನು ಚಾಮರಾಜನಗರದಿಂದ ಬಸ್ಸು ಹಿಡಿದು ನೋಡಲು ಹೋದೆ. ದಾರಿಯಲ್ಲಿ ಹರವೆಗೆ ಹೋಗಿ, ನೀವೂ ಬನ್ನಿ ಸಾರ್ ಎಂದು ಕರೆದರೆ ಶಾಂತಮಲ್ಲಪ್ಪನವರು ಬರಲಿಲ್ಲ. "ನಂಗೇನ್ ಅಧಿಕಾರ ಅದೆ ಅಲ್ಲಿ?" ಎಂದು ಅರಿಶಿನದ ಹೊಲಕ್ಕೆ ಹೊರಟುಬಿಟ್ಟರು.

ಹುಣಸೆಹಳ್ಳದಲ್ಲಿ ನಡುಗಂಬದ ಗುಂಡಿ ಬಾಯಿ ತೆರೆದಿತ್ತು. ಜಲ್ಲಿ, ಸಿಮೆಂಟು ದಡದ ಮೇಲೆ ತಯಾರಿದ್ದವು, ಕಾಂಕ್ರೀಟ್ ಮಿಕ್ಸರು ತಿರುಗುತ್ತಿತ್ತು. ಕೆಲಸ ಮಾತ್ರ ನಿಂತಿತ್ತು. ಹಳ್ಳದಾಚೆಯ ಮೂರು ಊರಿನವರು ಗುಂಡಿಯ ಸುತ್ತ ನಿಂತಿದ್ದರು, ಗಂಡಸರು, ಹೆಂಗಸರು, ನೂರು ಜನಕ್ಕೆ ಕಮ್ಮಿಯಿಲ್ಲ. ಹೊಸ ಕಂಟ್ರಾಕ್ಟರು ಬೆವರು ಒರೆಸಿಕೊಳ್ಳುತ್ತ, ಮೂರು ಮೀಟರ್ ಎಂದು ಇಂಜಿನಿಯರು ಆಗಲೇ ಬರೆದುಕೊಂಡಿದ್ದಾರೆ, ಅಳೆಯೋಕೆ ನೀವ್ಯಾರು, ಎಂದು ಕೂಗಾಡುತ್ತಿದ್ದ.

"ನಾವಾ? ಇದರ ಮ್ಯಾಲೆ ಓಡಾಡೋರು" ಎಂದು ಗುಂಡಿಯ ಒಳಗಿನಿಂದ ಉತ್ತರ ಬಂತು. ಬಗ್ಗಿ ನೋಡಿದರೆ ಪುಟ್ಟಮಲ್ಲಪ್ಪ. ಪಂಚೆ ಮೇಲೆ ಕಟ್ಟಿಕೊಂಡು ತಳದ ಗರಸಿನ ಮೇಲೆ ಕೂತಿದ್ದ. ಟೇಪಿನ ಒಂದು ತುದಿ ಅವನ ಹೆಬ್ಬೆಟ್ಟಿನ ಕೆಳಗೆ, ಇನ್ನೊಂದು ತುದಿ ಮೇಲೆ ನಿಂತ ಅವನ ಸೊಸೆಯ ಕೈಲಿ.

"ಎಷ್ಟದಮ್ಮಿ?" ಎಂದು ಕೂಗಿದ.

"ಎರಡು ಎಂಬತ್ತು, ಮಾವ."

ಅವನು ಎದ್ದು ಟೇಪು ಸುತ್ತಿಕೊಂಡು ಗುಂಡಿಯ ಗೋಡೆಗೆ ಒರಗಿ ನಿಂತ. ಮೇಲೆ ಬರುವ ಯೋಚನೆ ಅವನಿಗಿದ್ದಂತೆ ಕಾಣಲಿಲ್ಲ.

"ಇನ್ನೂ ಇಪ್ಪತ್ತು ಅದೆ. ತೋಡ್ಸು" ಅಂದ.